ರೇಷ್ಮೆ ಸುತ್ತಿದ ಹಿಡಿ

ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿ ಜಯನಗರದ ಆ ಮನೆಗೆ ಸ್ವಲ್ಪ ತಡವಾಗಿ ತಲುಪಿತು. ತಲುಪಿದ ಮೇಲೆ ತಡವಾಗಲಿಲ್ಲ. ಅದನ್ನು ತಣ್ಣಗೆ ಮಾಡುವ ಕೆಲಸ ನೇರವಾಗಿ ಅಕ್ಕಯಮ್ಮನ ಪಾಲಿಗೆ ಬಂತು.

ಅಕ್ಕಯಮ್ಮ ಆ ಮನೆಯಲ್ಲಿ ಪಾತ್ರೆ ತೊಳೆಯುವವಳು, ನೆಲ ಒರೆಸುವವಳು. ಹಾರೋಹಳ್ಳಿಯ ಆಚೆ ಒಂದು ಊರಿನ ಕೇರಿಯಿಂದ ಗಂಡನ ಹಿಂದೆ ಬಂದಿದ್ದಳು. ಗಂಡ ಗಾರೆ ಕೆಲಸ ಮಾಡುತ್ತ ಸತ್ತ. ಅವಳು ಉಳಿದಳು. ಅರೆಕೆರೆಯ ಹಿಂದೆ ಒಂದು ಶೀಟಿನ ಮನೆ, ಬೆಳಗಿನ ಬಸ್ಸು, ಮೂರು ನಾಲ್ಕು ಮನೆಗಳ ಕೆಲಸ. ಇಷ್ಟಕ್ಕೆಲ್ಲ ಅವಳ ಹತ್ತಿರ ಇದ್ದದ್ದು ಎರಡು ತೋಳು.

ಮನೆಯ ಯಜಮಾನರು ಸೀನು. ಕರೆಂಟಿನ ಇಂಜಿನಿಯರಾಗಿದ್ದು ನಿವೃತ್ತರಾದವರು. ಹೆಂಡತಿ ಅಲಮೇಲು. ಮಗ ಸುಮೇಧ ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು, ಎ.ಸಿ. ಹಾಕಿಕೊಂಡು, ಕಿವಿಗೆ ಏನೋ ತಗುಲಿಸಿಕೊಂಡು ಕೆಲಸ ಮಾಡುತ್ತಿದ್ದ. ಊಟಕ್ಕೆ ಮಾತ್ರ ಇಳಿದು ಬರುತ್ತಿದ್ದ.

ಅಕ್ಕಯಮ್ಮನಿಗೆ ಆ ಮನೆಯ ಗಡಿಗಳು ಗೊತ್ತಿದ್ದವು. ಹಾಲಿಗೆ ಹೋಗಬಹುದು. ಮಲಗುವ ಕೋಣೆಗೆ ಹೋಗಬಹುದು. ಕಕ್ಕಸಿನ ಮನೆಗೆ ಖಂಡಿತ ಹೋಗಬಹುದು, ಅಲ್ಲಿ ಅವಳನ್ನು ಬಿಟ್ಟು ಬೇರೆ ಯಾರೂ ಬ್ರಶ್ ಹಿಡಿದವರಿಲ್ಲ. ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಎಂಜಲು ಪಾತ್ರೆಗಳು ಹಿತ್ತಲಿಗೆ ಬರುತ್ತಿದ್ದವು. ಅವಳು ಬೆಳಗಿ, ತೊಳೆದು, ಬೋರಲು ಹಾಕುತ್ತಿದ್ದಳು. ಅವಳು ಹೋದ ಮೇಲೆ ಅಲಮೇಲು ಅವುಗಳಿಗೆಲ್ಲ ಮತ್ತೆ ನೀರು ಹಾಕಿ ಒಳಗೆ ತೆಗೆದುಕೊಳ್ಳುತ್ತಿದ್ದರು. ತೊಳೆದದ್ದನ್ನು ತೊಳೆಯುವುದು. ನೀರು ಉಳಿಸುವ ಸ್ಪರ್ಧೆ ಇನ್ನೂ ಶುರುವಾಗಿರಲಿಲ್ಲ.

ಕರೆಂಟು ಉಳಿಸುವ ಸ್ಪರ್ಧೆ ಶುರುವಾಯಿತು. ಅದನ್ನು ತಂದವಳು ಲಿಖಿತಾ ಎಂಬ ಹುಡುಗಿ. 'ಹಗುರ ಹೆಜ್ಜೆ' ಎಂಬ ಸಂಸ್ಥೆಯವಳು. ಒಳ್ಳೆಯ ಹುಡುಗಿ. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ. ಸೋಫಾದ ಅಂಚಿನಲ್ಲಿ ಕೂತು ಉತ್ಸಾಹದಿಂದ ವಿವರಿಸಿದಳು.

"ಸಮಸ್ಯೆ ಮೆಷಿನ್‌ದಲ್ಲ ಅಂಕಲ್. ನಮ್ಮ ನಡವಳಿಕೆದು. ಸೋಲಾರ್ ಹಾಕಿಸ್ತೀವಿ, ಎಲ್‌ಇಡಿ ಹಾಕಿಸ್ತೀವಿ, ಆದ್ರೆ ಅಭ್ಯಾಸ ಮಾತ್ರ ಅದೇ. ಜನ ಬದಲಾದ್ರೆ ಮಾತ್ರ ಕಾರ್ಬನ್ ಕಡ್ಮೆ ಆಗುತ್ತೆ."

"ಹಂಡ್ರೆಡ್ ಪರ್ಸೆಂಟ್," ಎಂದರು ಸೀನು. "ನಾನು ಸರ್ವಿಸಲ್ಲಿದ್ದಾಗಿಂದ ಅದೇ ಹೇಳ್ತಿದೀನಮ್ಮ. ಜನ ಸರಿ ಇಲ್ಲ."

ಮೀಟರಿನ ಪಕ್ಕ ಒಂದು ಪುಟ್ಟ ಡಬ್ಬಿ ಕೂತಿತು. ಸೀನು ಅವರ ಮೊಬೈಲಿನಲ್ಲಿ ಒಂದು ಎಲೆ ಮೂಡಿತು. ಕರೆಂಟು ಕಡಿಮೆ ಸುಟ್ಟರೆ ಎಲೆ ಹಸಿರಾಗಿ ನಗುತ್ತದೆ. ಹೆಚ್ಚು ಸುಟ್ಟರೆ ಬಾಡಿ ತಲೆ ತಗ್ಗಿಸುತ್ತದೆ. ಬೀದಿಯ ಬೇರೆ ಮನೆಗಳ ಎಲೆಗಳೂ ಅದರಲ್ಲೇ ಕಾಣುತ್ತವೆ. ಮಳೆಗಾಲ ಮುಗಿಯುವಷ್ಟರಲ್ಲಿ ಯಾರ ಎಲೆ ಹೆಚ್ಚು ಹಸಿರೋ ಅವರಿಗೆ ಬಹುಮಾನ.

ಮೊದಲ ವಾರ ಸೀನು ಮನೆಯೆಲ್ಲ ಸುತ್ತಿ ಸ್ವಿಚ್ಚು ಆರಿಸಿದರು. ಹೆಂಡತಿ ಪುಸ್ತಕ ಓದುತ್ತಿದ್ದಾಗಲೂ ಆರಿಸಿದರು. ಆದರೂ ಎದುರು ಮನೆಯ ವಸಿಷ್ಠ ಅವರ ಎಲೆಯೇ ಹೆಚ್ಚು ಹಸಿರಾಗಿತ್ತು. ವಸಿಷ್ಠ ಬೆಳಗಿನ ವಾಕಿಂಗಿನಲ್ಲಿ ಸಿಕ್ಕಿ, "ಏನ್ ಸೀನು, ನಿಮ್ಮ ಎಲೆ ಯಾಕೋ ಸೊರಗಿದೆ, ಗೊಬ್ಬರ ಹಾಕ್ತಿಲ್ವಾ?" ಎಂದರು. ಸೀನು ಅವರಿಗೆ ಆ ದಿನ ಕಾಫಿ ರುಚಿಸಲಿಲ್ಲ.

ಮಹಡಿಯ ಎ.ಸಿ. ನೆನಪಿಗೆ ಬರಲಿಲ್ಲವೆಂದಲ್ಲ. ಆದರೆ ಮಹಡಿಗೆ ಬೇರೆ ಮೀಟರಿತ್ತು. ಡಬ್ಬಿ ಕೆಳಗಿನ ಮೀಟರಿಗೆ ಮಾತ್ರ ಇತ್ತು. ಭೂಮಿ ಕೂಡ ಕೆಳಗಿನ ಮೀಟರನ್ನೇ ನೋಡುತ್ತಿರಬೇಕು ಎಂದು ಎಲ್ಲರೂ ಒಪ್ಪಿಕೊಂಡಂತಿತ್ತು.

ಸೀನು ಮೊಬೈಲು ಹಿಡಿದು ಕೂತು ಎಲೆ ಬಾಡುವ ಹೊತ್ತನ್ನು ಕಾದರು. ಗ್ರೈಂಡರು ಹಾಕಿದಾಗ ಬಾಡಿತು. ಅಕ್ಕಿ ಉದ್ದು ರುಬ್ಬದ ದಿನವೇ ಆ ಮನೆಯಲ್ಲಿ ಇರಲಿಲ್ಲ. ಇಡ್ಲಿ ತಿನ್ನುವುದನ್ನು ವಾರಕ್ಕೆ ಒಂದೆರಡು ದಿನ ಬಿಡಬಹುದಿತ್ತು. ಆದರೆ ಅದು ನಡವಳಿಕೆ. ನಡವಳಿಕೆ ಬದಲಿಸುವುದು ಬಹಳ ಕಷ್ಟ. ಹಿತ್ತಲಿನಲ್ಲಿ ಅತ್ತೆಯ ಕಾಲದ ಒರಳು ಇತ್ತು. ಹಿತ್ತಲಿನಲ್ಲಿ ಅಕ್ಕಯಮ್ಮನೂ ಇದ್ದಳು.

"ಅಕ್ಕಯಮ್ಮ, ನಿಮ್ಮೂರಲ್ಲಿ ಒರಳಲ್ಲೇ ಅಲ್ವೇನೇ ರುಬ್ತಿದ್ದಿದ್ದು?" ಎಂದು ಕೇಳಿದರು ಅಲಮೇಲು.

"ರುಬ್ತಿದ್ವಿ. ಈಗ ಅಲ್ಲೂ ಮಿಕ್ಸಿ ಬಂದದೆ ಅಮ್ಮಾವ್ರೆ."

"ಅದಕ್ಕೇ ನೋಡು ಎಲ್ಲಾರ್ಗೂ ಶುಗರ್ರು, ಬೀಪಿ. ಆಗಿನ ಹೆಂಗಸ್ರು ಎಷ್ಟು ಗಟ್ಟಿಯಾಗಿರ್ತಿದ್ರು!"

ಅಕ್ಕಯಮ್ಮ ತನ್ನ ಅವ್ವನನ್ನು ನೆನೆದಳು. ಅವ್ವ ಗಟ್ಟಿಯಾಗಿಯೇ ಇದ್ದಳು. ರಾಗಿ ಬೀಸಿ ಬೀಸಿ ಬೆನ್ನು ಬಾಗಿದ ಮೇಲೂ ಬಾಗಿಕೊಂಡೇ ಗಟ್ಟಿಯಾಗಿದ್ದಳು. ಪಕ್ಕದೂರಿಗೆ ಹಿಟ್ಟಿನ ಗಿರಣಿ ಬಂದ ದಿನ ಕೇರಿಯ ಹೆಂಗಸರು ರಾಗಿ ಕುಕ್ಕೆ ತಲೆ ಮೇಲಿಟ್ಟು ಬಿಸಿಲಲ್ಲಿ ನಡೆದುಹೋಗಿದ್ದರು. ಮದುವೆಗೆ ಹೊರಟವರ ಹಾಗೆ ಹರಟುತ್ತ ಹೋಗಿದ್ದರು. ಬೀಸುವ ಕಲ್ಲನ್ನು ಅವ್ವ ಅಂದೇ ಕೊಟ್ಟಿಗೆಗೆ ಉರುಳಿಸಿದಳು. ಅದನ್ನು ನೆನೆದು ಅತ್ತವರನ್ನು ಅಕ್ಕಯಮ್ಮ ನೋಡಿರಲಿಲ್ಲ. ಅಳುವವರೆಲ್ಲ ಜಯನಗರದಲ್ಲಿದ್ದರು.

ಒಂದು ತೊಡಕಿತ್ತು. ಅಕ್ಕಯಮ್ಮ ರುಬ್ಬಿದರೆ ಹಿಟ್ಟು ಮುಟ್ಟಬೇಕು. ಬಲಗೈ ಗುಂಡು ತಿರುಗಿಸಿದರೆ ಎಡಗೈ ಹಿಟ್ಟನ್ನು ಗುಂಡಿನ ಕೆಳಗೆ ತಳ್ಳುತ್ತಿರಬೇಕು. ಆ ಹಿಟ್ಟು ದೇವರ ಮುಂದೆ ಹೋಗುತ್ತದೆ, ಸೀನು ಅವರ ಹೊಟ್ಟೆಗೆ ಹೋಗುತ್ತದೆ. ಅಲಮೇಲು ಮೇಲುಕೋಟೆಯ ಅಕ್ಕನಿಗೆ ಫೋನು ಮಾಡಿದರು. ಅಕ್ಕತಂಗಿಯರು ಬಹಳ ಹೊತ್ತು ಮಾತಾಡಿದರು. ಭೂಮಿಯೂ ಉಳಿಯಬೇಕು, ಮಡಿಯೂ ಉಳಿಯಬೇಕು. ಎರಡನ್ನೂ ಉಳಿಸಿದ್ದು ಸೀನು ಅವರ ಇಂಜಿನಿಯರಿಂಗು.

ಗುಂಡಿನ ತಲೆಗೆ ಕಬ್ಬಿಣದ ಬಳೆ ಬಿಗಿಸಿದರು. ಅದಕ್ಕೆ ಅಡ್ಡಲಾಗಿ ಎರಡು ಮೊಳದ ತೇಗದ ಹಿಡಿ ಕೂರಿಸಿದರು. ಹಿಡಿಯ ತುದಿಯಲ್ಲಿ ಅಕ್ಕಯಮ್ಮ ಹಿಡಿದು ತಿರುಗಿಸುವುದು. ಒರಳಿನ ಪಕ್ಕದಲ್ಲಿ ಅಲಮೇಲು ಮಡಿಸೀರೆ ಉಟ್ಟು, ಮಣೆ ಹಾಕಿ ಕೂತು ಹಿಟ್ಟು ತಳ್ಳುವುದು. ಹಿಡಿಯ ಮೂಲಕ ಮೈಲಿಗೆ ಹರಿದು ಬಂದರೆ? ಅದಕ್ಕೂ ದಾರಿಯಿತ್ತು. ಅಲಮೇಲು ತಮ್ಮ ಧಾರೆಸೀರೆಯ ಹಳೆಯ ರೇಷ್ಮೆ ಅಂಚನ್ನು ಹರಿದು ಹಿಡಿಯ ನಡುವೆ ಸುತ್ತಿದರು. ರೇಷ್ಮೆಗೆ ಮೈಲಿಗೆ ಇಲ್ಲ.

"ಇನ್ಸುಲೇಟರ್ ಇದ್ದ ಹಾಗೆ," ಎಂದರು ಸೀನು. ವೈರಿನ ಮೇಲೆ ರಬ್ಬರು ಸುತ್ತುವ ಲೆಕ್ಕದಲ್ಲೇ ಅವರು ಅದನ್ನು ನೋಡಿದರು. "ಇವಳ ಶಕ್ತಿ ಈ ಕಡೆ ಪಾಸಾಗುತ್ತೆ, ಮೈಲಿಗೆ ಪಾಸಾಗಲ್ಲ. ಸಖತ್ತಾಗಿದೆ ಡಿಸೈನು!"

ಹಿಡಿ ಉದ್ದವಾದಷ್ಟೂ ಶ್ರಮ ಕಡಿಮೆ ಎಂದು ಅವರು ಅಕ್ಕಯಮ್ಮನಿಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಾಗದದ ಮೇಲೆ ಅದು ಸರಿಯಾಗಿತ್ತು. ಹಿತ್ತಲಲ್ಲಿ ಗುಂಡು ಒಂದು ಗೇಣು ಸುತ್ತಿದರೆ ಹಿಡಿಯ ತುದಿ ಮಾರಗಲ ಸುತ್ತುತ್ತಿತ್ತು. ಕೂತರೆ ಕೈ ಎಟುಕುವುದಿಲ್ಲ, ನಿಂತರೆ ಸೊಂಟ ಬಗ್ಗಬೇಕು. ಅವಳು ಅರ್ಧ ಕೂತು ಅರ್ಧ ಎದ್ದು, ಎಳೆದು ನೂಕಿ, ಎಳೆದು ನೂಕಿ ತಿರುಗಿಸಿದಳು. ಅಕ್ಕಿ ನುಣ್ಣಗಾಗುವ ಹೊತ್ತಿಗೆ ರವಿಕೆ ಬೆನ್ನಿಗೆ ಅಂಟಿರುತ್ತಿತ್ತು. ಬಲಭುಜದ ಒಳಗೆ ಯಾರೋ ಕಲ್ಲುಪ್ಪು ಹಾಕಿ ತಿಕ್ಕಿದಂತೆ ಉರಿಯುತ್ತಿತ್ತು. ಅಲಮೇಲು ಹಿಟ್ಟನ್ನು ಬೆರಳಲ್ಲಿ ಹಿಚುಕಿ ನೋಡಿ, "ಇನ್ನೂ ಸ್ವಲ್ಪ" ಎನ್ನುತ್ತಿದ್ದರು.

ಎಲೆ ಹಸಿರಾಯಿತು. ಒಮ್ಮೆ ಹಸಿರಾದ ಮೇಲೆ ಸೀನು ಅವರಿಗೆ ಅದರ ರುಚಿ ಹತ್ತಿತು. ವಾಷಿಂಗ್ ಮೆಷಿನ್ನಿಗೆ ಕಸೂತಿ ಬಟ್ಟೆ ಹೊದಿಸಿ ಮೇಲೊಂದು ಹೂದಾನಿ ಇಟ್ಟರು. ಬಟ್ಟೆಗಳೆಲ್ಲ ಹಿತ್ತಲಿನ ಕಲ್ಲಿಗೆ ಬಂದವು. ಸುಮೇಧನ ಜೀನ್ಸು ನೆನೆದರೆ ಹಂದಿಯ ಹಾಗೆ ತೂಗುತ್ತಿದ್ದವು. ಮೋಡ ಕವಿದು ಸೋಲಾರ್ ನೀರು ಕಾಯದ ದಿನ ಗೀಸರು ಹಾಕದೆ ಹಳೆ ಹಂಡೆಗೆ ಒಲೆ ಹೂಡಿಸಿದರು. ಅಕ್ಕಯಮ್ಮ ತೆಂಗಿನಗರಿ ಸಿಗಿದು, ಹೊಗೆ ಕುಡಿದು, ನೀರು ಕಾಯಿಸಿ, ಬಕೆಟ್ಟಿನಲ್ಲಿ ಹೊತ್ತು ಕೊಟ್ಟಳು.

"ಸೌದೆ ಕಾರ್ಬನ್ ನ್ಯೂಟ್ರಲ್ ಕಣಮ್ಮ," ಎಂದು ಸೀನು ಕಿಟಕಿಯಿಂದ ಹೇಳಿದರು. ಹೊಗೆಗೆ ಕೆಮ್ಮು ಬಂದು ಕಿಟಕಿ ಹಾಕಿಕೊಂಡರು.

ಒಟ್ಟಿನಲ್ಲಿ ಆ ಮನೆಯವರ ನಡವಳಿಕೆಯಲ್ಲಿ ಏನೂ ಬದಲಾಗಲಿಲ್ಲ. ಅದೇ ಇಡ್ಲಿ, ಅದೇ ದಿನಕ್ಕೊಂದು ಜೊತೆ ಬಟ್ಟೆ, ಅದೇ ಬಿಸಿನೀರು. ಮೀಟರಿಗೆ ಮಾತ್ರ ಅವರು ಸಂತರಾಗಿ ಕಂಡರು.

ಸಂಜೆ ಬಸ್ಸಿನಲ್ಲಿ ಅಕ್ಕಯಮ್ಮ ಬಲಗೈಯಲ್ಲಿ ಕಂಬಿ ಹಿಡಿಯಲಾರದೆ ಎಡಗೈಯಲ್ಲಿ ಹಿಡಿದು ನಿಂತಳು. ಜೊತೆಯಲ್ಲಿ ನಾಗಲಕ್ಷ್ಮಮ್ಮ ಇದ್ದಳು, ಎದುರು ಮನೆಯ ವಸಿಷ್ಠ ಅವರಲ್ಲಿ ಕೆಲಸಕ್ಕಿದ್ದವಳು.

"ಏನಕ್ಕಾ, ಗಾಣದ ಎತ್ತಾದಂತೆ?" ಎಂದು ನಕ್ಕಳು ನಾಗಲಕ್ಷ್ಮಮ್ಮ. "ನಮ್ ಸಾರ್ ದಿನಾ ಉರ್ಕೊಂತಾವ್ರೆ, ಸೀನು ಮನೆ ಎಲೆ ಎಂಗೆ ಅಷ್ಟು ಹಸ್ರು ಅಂತ. ನಾನೇ ಏಳ್ಬುಟ್ಟೆ, ಅವ್ರು ಅಕ್ಕಯಮ್ಮನ್ನ ಉರಿಸ್ತಾವ್ರೆ ಸಾರ್ ಅಂತ."

"ಅಯ್ಯೋ, ಯಾಕೆ ಏಳ್ದೆ? ನಿಂಗೂ ಒರಳು ತಂದ್ ಮಡಗ್ತಾರೆ."

"ತರ್ಲಿ. ಎತ್ತಿಗಾದ್ರೆ ಹುರುಳಿ ಹಾಕ್ತಾರೆ, ನಿಂಗೇನ್ ಹಾಕ್ತಾರೆ?"

"ರಾತ್ರಿದು ಚಪಾತಿ."

ಇಬ್ಬರೂ ನಕ್ಕರು. ನಕ್ಕಾಗ ಅಕ್ಕಯಮ್ಮನ ಭುಜ ನೋಯಿತು.

ಬರಬರುತ್ತ ತೋಳು ಕಿವಿಯ ಎತ್ತರಕ್ಕೆ ಏಳದಾಯಿತು. ತಲೆ ಬಾಚಿಕೊಳ್ಳಲು ಪಕ್ಕದ ಮನೆಯವಳನ್ನು ಕರೆಯಬೇಕಾಯಿತು. ಆಸ್ಪತ್ರೆಯ ಡಾಕ್ಟರು ತೋಳನ್ನು ಎತ್ತಿಸಿ ಇಳಿಸಿ ನೋಡಿ, "ಇದೇ ಕೆಲಸ ಮುಂದುವರಿಸಿದ್ರೆ ಭುಜ ಹಿಡಕೊಂಡುಬಿಡುತ್ತೆ, ಆಮೇಲೆ ಕಸಬರಿಕೆನೂ ಹಿಡಿಯೋಕಾಗಲ್ಲ" ಎಂದರು. ಒಂದು ತೋಳಿನ ಕೆಲಸದವಳನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ. ಅದನ್ನು ಹೇಳಲು ಡಾಕ್ಟರು ಬೇಕಿರಲಿಲ್ಲ.

ಅಕ್ಕಯಮ್ಮ ಕೇಳಿಯೂ ನೋಡಿದಳು.

"ಅಮ್ಮಾವ್ರೆ, ತೋಳು ಏಳ್ತಿಲ್ಲ. ರುಬ್ಬಾದೊಂದು ಮಿಷನ್ನಿಗೆ ಹಾಕಿ. ಬಟ್ಟೆ ಬೇಕಾರೆ ಒಗಿತೀನಿ."

"ಈಗ್ಲಾ? ಇನ್ನೇನು ಮುಗ್ದೇ ಹೋಯ್ತಲ್ಲೇ ಕಾಂಪಿಟೇಷನ್ನು. ವಸಿಷ್ಠ ಅವ್ರು ಹಿಂದೇನೇ ಇದ್ದಾರೆ. ನಮ್ಗೋಸ್ಕರ ಅಲ್ಲ ಕಣೇ, ಮುಂದಿನ ಪೀಳಿಗೆಗೆ. ನಿನ್ನ ಮೊಮ್ಮಕ್ಕಳಿಗೂ ಭೂಮಿ ಬೇಕು ತಾನೆ?"

ಅಕ್ಕಯಮ್ಮನ ಮೊಮ್ಮಕ್ಕಳಿಗೆ ಭೂಮಿ ಬೇಕಿತ್ತು. ಊರಲ್ಲಿ ಅವಳ ಮಾವ ಒಂದು ತುಂಡಿಗಾಗಿ ಬಹಳ ವರ್ಷ ಅಲೆದಿದ್ದ. ಆ ಭೂಮಿಯೇ ಬೇರೆ ಎಂದುಕೊಂಡಳು. ಸ್ಪರ್ಧೆ ಮುಗಿದರೆ ಗ್ರೈಂಡರು ತಿರುಗುತ್ತದೆ, ತೋಳು ಉಳಿಯುತ್ತದೆ. ಮುಗಿಯಲಿ ಎಂದು ಹಲ್ಲು ಕಚ್ಚಿ ತಿರುಗಿಸಿದಳು.

ಮಳೆ ನಿಂತಿತು. ಸೀನು ಗೆದ್ದರು. ಮರುದಿನದ ಸಭೆಯಲ್ಲಿ ಬಹುಮಾನ. ಸಭೆಗೆ ಬರುವವರಿಗೆಲ್ಲ ಒರಳಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿ ಎಂದು ಅಲಮೇಲು ಒಪ್ಪಿಕೊಂಡುಬಿಟ್ಟಿದ್ದರು. ಮೇಲುಕೋಟೆಯ ಅಕ್ಕನೂ ಬರುವವರಿದ್ದರು. ಎರಡು ದೊಡ್ಡ ಕೊಳಗದಲ್ಲಿ ಅಕ್ಕಿ ಉದ್ದು ನೆನೆದಿದ್ದವು. ರುಬ್ಬುವುದನ್ನು ಚಿತ್ರ ತೆಗೆಯಲು ಲಿಖಿತಾ ಬಂದಳು. ಜೊತೆಗೆ ಸುಮನ್ ಎಂಬ ಕ್ಯಾಮೆರಾದವನು.

ಮೊದಲು ಸೀನು ಕ್ಯಾಮೆರಾಕ್ಕೆ ಮಾತಾಡಿದರು. ನಾವು ನಮ್ಮ ಜೀವನಶೈಲಿಯನ್ನೇ ಬದಲಿಸಿಕೊಂಡೆವು ಎಂದರು. ಸ್ವಲ್ಪ ಕಷ್ಟವಾಯಿತು ಎಂದರು. ದೇಹ ದಣಿದರೂ ಮನಸ್ಸು ಹಗುರವಾಯಿತು ಎಂದರು. ಅಕ್ಕಯಮ್ಮ ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಯಾರ ದೇಹ ಎಂದು ಲಿಖಿತಾ ಕೇಳಲಿಲ್ಲ.

ಆಮೇಲೆ ರುಬ್ಬುವುದು ಶುರುವಾಯಿತು. ಅಲಮೇಲು ಮಣೆಯ ಮೇಲೆ, ಅಕ್ಕಯಮ್ಮ ಹಿಡಿಯ ತುದಿಯಲ್ಲಿ.

"ಈ ಸಿಲ್ಕ್ ಯಾಕೆ ಸುತ್ತಿರೋದು ಆಂಟಿ?" ಎಂದಳು ಲಿಖಿತಾ.

"ಅದು... ಗ್ರಿಪ್ಪಿಗೆ," ಎಂದರು ಅಲಮೇಲು.

"ಸೋ ಬ್ಯೂಟಿಫುಲ್! ಸುಮನ್, ಕ್ಲೋಸಪ್ ತಗೋ."

ಮೊದಲ ಕೊಳಗ ಮುಗಿಯಿತು. ಎರಡನೆಯದು ಒರಳಿಗೆ ಬಿತ್ತು. ಅಕ್ಕಯಮ್ಮನ ಕಣ್ಣ ಮುಂದೆ ಮಂಜು ಬರುತ್ತಿತ್ತು. ಇದೇ ಕಡೆಯದು, ಇದೇ ಕಡೆಯದು ಎಂದು ಮನಸ್ಸಿನಲ್ಲಿ ಹೇಳಿಕೊಂಡು ಎಳೆದು ನೂಕುತ್ತಿದ್ದಳು.

"ಅಂದ ಹಾಗೆ ಅಂಕಲ್, ಇನ್ನೊಂದು ಗುಡ್ ನ್ಯೂಸ್," ಎಂದಳು ಲಿಖಿತಾ. "ನಿಮ್ಮ ಮನೇನ ಮಾದರಿ ಮನೆ ಅಂತ ಆರಿಸಿದೀವಿ. ಇನ್ನೊಂದು ವರ್ಷ ಇದನ್ನ ಹೀಗೇ ಮುಂದುವರಿಸ್ಬೇಕು. ಬನಶಂಕರಿ, ಜೆ.ಪಿ. ನಗರದಿಂದ ಜನ ಬಂದು ನೋಡ್ತಾರೆ."

"ವರ್ಷ ಯಾಕಮ್ಮ? ನಾವಿರೋವರ್ಗೂ ಮಾಡ್ತೀವಿ," ಎಂದರು ಸೀನು.

ಹಿಡಿ ನಿಂತಿತು.

"ತಿರುಗಿಸ್ತಾ ಇರಿ ಅಕ್ಕ," ಎಂದ ಸುಮನ್ ಕ್ಯಾಮೆರಾದ ಹಿಂದಿನಿಂದ. "ಸ್ವಲ್ಪ ನಗ್ತಾ."

"ಆಗಲ್ಲ."

"ನಗೋಕಾ?"

"ತಿರುಗ್ಸಾಕೆ."

ಅಲಮೇಲು ತಲೆ ಎತ್ತದೆ ಹಲ್ಲಿನ ನಡುವೆ ಹೇಳಿದರು. "ಕ್ಯಾಮೆರಾ ಮುಂದೆ ಏನೇ ಇದು ನಿಂದು? ಇನ್ನರ್ಧ ಗಂಟೆ. ತಿರುಗ್ಸು."

"ತೋಳು ಓಯ್ತದೆ ಅಮ್ಮಾವ್ರೆ. ಓದ್ರೆ ನಂಗೆ ಇನ್ನೊಂದಿಲ್ಲ." ಅಕ್ಕಯಮ್ಮ ಹಿಡಿಯನ್ನು ಬಿಟ್ಟಳು. ಸೆರಗಲ್ಲಿ ಮುಖ ಒರೆಸಿಕೊಂಡಳು. "ನೀವು ಈ ಕಡೆ ಬಂದು ತಿರುಗ್ಸಿ. ನಾನು ಹಿಟ್ಟು ತಳ್ತೀನಿ."

ಮಹಡಿಯ ಎ.ಸಿ.ಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

"ಓ, ಅದೂ ಚೆನ್ನಾಗಿರುತ್ತೆ!" ಎಂದಳು ಲಿಖಿತಾ. "ಇಬ್ರೂ ಕೆಲಸ ಹಂಚ್ಕೊಳ್ಳೋದು. ಆಂಟಿ, ನೀವು ತಿರುಗಿಸಿ, ಸಖತ್ತಾಗಿ ಬರುತ್ತೆ."

ಬೇಡ ಎನ್ನಲು ಅಲಮೇಲು ಅವರಿಗೆ ಕಾರಣವಿತ್ತು. ಮೇಲುಕೋಟೆಗೆ ಫೋನಿನಲ್ಲಿ ಹೇಳಬಹುದಾದ ಕಾರಣ. ಕ್ಯಾಮೆರಾಕ್ಕೆ ಹೇಳುವ ಹಾಗಿರಲಿಲ್ಲ. ಸೀನು ಗಂಟಲು ಸರಿಮಾಡಿಕೊಂಡರು. "ಇಲ್ಲಮ್ಮ, ಹಿಟ್ಟು ತಳ್ಳೋದ್ರಲ್ಲಿ ಒಂದು ಟೆಕ್ನಿಕ್ ಇದೆ. ಅದು ಇವಳಿಗೆ..."

ಅಕ್ಕಯಮ್ಮ ಅಷ್ಟರಲ್ಲಿ ಒರಳನ್ನು ಸುತ್ತಿ ಬಂದಿದ್ದಳು. ಅಲಮೇಲು ತಟಕ್ಕನೆ ಎದ್ದು ದೂರ ಸರಿದರು, ಮಡಿಸೀರೆಗೆ ಅವಳ ಸೆರಗು ತಾಕಬಾರದಲ್ಲ. ಮಣೆ ಖಾಲಿಯಾಯಿತು. ಅಕ್ಕಯಮ್ಮ ನಲ್ಲಿಯಲ್ಲಿ ಎಡಗೈ ತೊಳೆದು, ಮಣೆಯ ಮೇಲೆ ಕೂತು, ಕೈಯನ್ನು ಒರಳಿಗೆ ಇಳಿಸಿದಳು. ಹಿಟ್ಟು ತಣ್ಣಗಿತ್ತು. ಅಂಚಿನಲ್ಲಿ ನಿಂತ ತರಿಯನ್ನು ಬಳಿದು ಗುಂಡಿನ ಬುಡಕ್ಕೆ ತಳ್ಳಿದಳು. ಇಷ್ಟು ದಿನ ಅವಳ ತೋಳಿನಿಂದ ನುಣ್ಣಗಾದದ್ದು ಅವಳ ಬೆರಳಿಗೆ ತಾಕಿದ್ದು ಅದೇ ಮೊದಲು.

"ತಿರುಗ್ಸಿ ಅಮ್ಮಾವ್ರೆ. ನಿಂತ್ರೆ ಹಿಟ್ಟು ತರಿತರಿ ಆಯ್ತದೆ."

ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿತ್ತು. ಅಲಮೇಲು ಹಿಡಿಯನ್ನು ಹಿಡಿದರು. ರೇಷ್ಮೆಯ ಆಚೆಗೆ, ಅಕ್ಕಯಮ್ಮ ಹಿಡಿಯುವ ಜಾಗದಲ್ಲಿ. ಎಳೆದರು. ಗುಂಡು ಅಲ್ಲಾಡಿತು. ನೂಕಿದರು. ಬಳೆಗಳು ಮೊಣಕೈಗೆ ಸರಿದವು. ಒಂದು ಸುತ್ತು, ಎರಡು ಸುತ್ತು, ಮತ್ತೊಂದು ಅರ್ಧ. ಉಸಿರು ಬಾಯಿಯಿಂದ ಬಂತು.

"ಇನ್ನೂ ಸ್ವಲ್ಪ," ಎಂದಳು ಅಕ್ಕಯಮ್ಮ, ಹಿಟ್ಟನ್ನು ಬೆರಳಲ್ಲಿ ಹಿಚುಕಿ ನೋಡಿ.

"ಸಾಕು ಸಾಕು, ಕಟ್ ಮಾಡಪ್ಪ," ಎಂದರು ಸೀನು. "ಬೆಳಕು ಸರಿ ಇಲ್ಲ."

ಅಲಮೇಲು ಹಿಡಿ ಬಿಟ್ಟು ಅಂಗೈ ನೋಡಿಕೊಂಡರು. ಅಂಗೈ ಕೆಂಪಾಗಿತ್ತು. ಅವರು ಅಕ್ಕಯಮ್ಮನ ಹತ್ತಿರ ಬಗ್ಗಿ, ತಮಗೆ ಮೆಲ್ಲಗೆ ಎನಿಸಿದ ದನಿಯಲ್ಲಿ ಹೇಳಿದರು. "ಇದನ್ನ ಮೋರಿಗೆ ಚೆಲ್ಲು. ಕೊಳಗದ್ದೂ ಚೆಲ್ಲು, ಪಕ್ಕದಲ್ಲೇ ಇತ್ತು. ಒರಳು ತೊಳ್ದು ಹೋಗು. ನಾಳೆಯಿಂದ ಬರ್ಬೇಡ."

ಅಕ್ಕಯಮ್ಮ ಎದ್ದಳು. ನಲ್ಲಿಯಲ್ಲಿ ಕೈ ತೊಳೆದುಕೊಂಡಳು, ನಿಧಾನವಾಗಿ, ಉಗುರಿನ ಸಂದಿಯವರೆಗೆ.

"ಚೆಲ್ಲಾದೂ ಕೆಲ್ಸಾನೆ ಅಮ್ಮಾವ್ರೆ. ನೀವೇ ಚೆಲ್ಲಿ."

ಅವಳು ಗೋಡೆಯ ಗೂಟದಿಂದ ಚೀಲ ತೆಗೆದುಕೊಂಡಳು. ಹಿಂದಿನ ಬಾಗಿಲಿನ ಬದಲು ಮನೆಯ ಪಕ್ಕದ ಓಣಿಯಿಂದ ಮುಂದಿನ ಗೇಟಿನ ಕಡೆ ನಡೆದಳು.

ಗಂಡಹೆಂಡಿರು ಕೊಳಗವನ್ನು ಎರಡು ಕಡೆ ಹಿಡಿದು ಎತ್ತಿದರು. ಸೀನು ಅವರ ಪಂಚೆ ಕಾಲಿಗೆ ತೊಡರಿತು. ಮೋರಿಯ ಹತ್ತಿರ ಕೊಳಗ ಬಾಗಿಸಿದರು. ಬಿಳಿ ಹಿಟ್ಟು ದಪ್ಪಗೆ, ಸದ್ದಿಲ್ಲದೆ ಇಳಿಯತೊಡಗಿತು.

"ಅಂಕಲ್!" ಲಿಖಿತಾ ಓಡಿಬಂದಳು. "ಯಾಕೆ ಚೆಲ್ತಿದೀರ?"

"ಅದು ಹುಳಿ ಬಂದ್ಬಿಟ್ಟಿದೆಯಮ್ಮ."

"ಈಗ ತಾನೇ ರುಬ್ಬಿದ್ದಲ್ವಾ?"

"ಕಸ ಬಿದ್ದಿತ್ತು," ಎಂದರು ಅಲಮೇಲು ಅದೇ ಹೊತ್ತಿಗೆ.

ಲಿಖಿತಾ ಬಗ್ಗಿ ಕೊಳಗದಲ್ಲಿ ಉಳಿದದ್ದನ್ನು ನೋಡಿದಳು. ಸೀನು ಅವರನ್ನು ನೋಡಿದಳು, ಅಲಮೇಲು ಅವರನ್ನು ನೋಡಿದಳು. ಅವಳ ಮುಖದಲ್ಲಿ ಮೊದಲಿನ ಉತ್ಸಾಹ ಇರಲಿಲ್ಲ. "ಚೆನ್ನಾಗೇ ಇದೆಯಲ್ಲ ಆಂಟಿ. ಹಿಟ್ಟಿಗೇನಾಗಿದೆ?"

ಓಣಿಯ ತುದಿಯಲ್ಲಿ ಅಕ್ಕಯಮ್ಮ ನಿಂತಳು. ತಿರುಗಿ ಬಂದಳು. ಮೋರಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಚೀಲವನ್ನು ಕೆಳಗಿಟ್ಟು, ನೋಯುವ ತೋಳನ್ನು ಇನ್ನೊಂದು ಕೈಯಲ್ಲಿ ಆತುಕೊಂಡಳು.

"ಬಾಯ್ಬಿಟ್ಟು ಏಳಿ ಅಮ್ಮಾವ್ರೆ," ಎಂದಳು. "ಹಿಟ್ಟಿಗೇನಾಗದೆ ಅಂತ ಆ ಹುಡ್ಗಿ ಕೇಳ್ತಾವ್ಳೆ. ಏಳಿ."

ಅಲಮೇಲು ಕೊಳಗವನ್ನೇ ನೋಡುತ್ತಿದ್ದರು. ಸುಮನ್ ಕ್ಯಾಮೆರಾವನ್ನು ಇನ್ನೂ ಇಳಿಸಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಹೋದರೆ ಹೋಗಲಿ ಎಂದು ಅಕ್ಕಯಮ್ಮ ಉತ್ತರಕ್ಕೆ ಕಾದು ನಿಂತಳು.